ಬೆರಳಗಲದ ಸಂದಿ

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಸೈಕಲ್ ರಿಪೇರಿ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಸಿಕ್ಕಿಹಾಕಿಕೊಂಡಂತೆ ಒಂದು ಕಿರಿದಾದ ಮಳಿಗೆಯಿದೆ. ಗೋಡೆಗೆ ಒರಗಿಸಿದ ಗಾಜಿನ ಹಾಳೆಗಳು, ನೆಲದ ತುಂಬ ಮರದ ಹೊಟ್ಟು, ಬಾಗಿಲಿಗೆದುರಾಗಿ ಒಂದು ಉದ್ದನೆಯ ಮೇಜು. ಆ ಮೇಜಿನ ಹಿಂದೆ ಕೂತವನನ್ನು ಎಲ್ಲರೂ ಕರೆಯುವುದು ಸಂದಿ ಮೇಸ್ತ್ರಿ ಎಂದು. ಕಿಟಕಿ ಮಾಡುವುದು, ಗಾಜು ಕೂರಿಸುವುದು ಅವನ ಕಸುಬು. ಹೊಸ ಗಿರಾಕಿ ಬಂದರೆ ಸೈಕಲ್ಲಿನವನೇ ಮೊದಲು ಎಚ್ಚರಿಸುತ್ತಾನೆ.

"ಕೆಲಸ ಚಿನ್ನ ಸ್ವಾಮಿ. ಆದ್ರೆ ಇವ್ನ ಕಿಟಕಿ ಪೂರ್ತಿ ಮುಚ್ಚಲ್ಲ. ಆಮೇಲೆ ನಂಗೆ ಹೇಳ್ಲಿಲ್ಲ ಅನ್ಬೇಡಿ."

"ಪೂರ್ತಿ ಮುಚ್ಚದೆ ಇರೋದು ಎಂಥಾ ಕಿಟಕಿ ರೀ?"

"ಅದನ್ನ ಅವ್ನನ್ನೇ ಕೇಳಿ. ನಾನು ಕೇಳಿದ್ದಕ್ಕೆ ಒಂದು ಟೀ ಕುಡಿಸಿ ಕಳಿಸ್ದ."

ಒಂದು ಕಾಲಕ್ಕೆ ಇದೇ ಅಡ್ಡಹೆಸರಿಗೆ ತದ್ವಿರುದ್ಧ ಅರ್ಥವಿತ್ತು. ವ್ಯಾಕರಣದ ಪುಸ್ತಕದಲ್ಲಿ ಸಂಧಿಗಳು ಹಲವು ಬಗೆ. ಮೇಸ್ತ್ರಿಯ ಕೈಗೆ ಸಿಕ್ಕ ಸಂದಿಗೆಲ್ಲ ಗತಿ ಒಂದೇ, ಲೋಪ. ಸೀಮೆಸುಣ್ಣದ ಪುಡಿಗೆ ಅಗಸೆ ಎಣ್ಣೆ ಹಾಕಿ, ರೊಟ್ಟಿ ಹಿಟ್ಟಿನಂತೆ ನಾದಿ, ಗಾಜಿಗೂ ಚೌಕಟ್ಟಿಗೂ ನಡುವೆ ತುಂಬುವ ಪುಟ್ಟಿಯನ್ನು ಅವನು ತಾನೇ ತಯಾರಿಸುತ್ತಿದ್ದ. ಕೊನೆಯ ಚೂರನ್ನು ಕಿಟಕಿಯ ಬಲಮೂಲೆಗೆ ಒತ್ತುವಾಗ ಹೆಬ್ಬೆರಳಿನ ಗುರುತು ಹಾಗೇ ಉಳಿಸುತ್ತಿದ್ದ. ಅದು ಅವನ ರುಜು. ಆಮೇಲೆ ಪರೀಕ್ಷೆ. ಗಾಳಿ ಬೀಸುವ ಹೊತ್ತು ನೋಡಿ, ಮೇಣದಬತ್ತಿ ಹಚ್ಚಿ, ಚೌಕಟ್ಟಿನ ಉದ್ದಕ್ಕೂ ನಿಧಾನವಾಗಿ ಒಯ್ಯುತ್ತಿದ್ದ. ಜ್ವಾಲೆ ಅಲುಗಿದರೆ ಕೆಲಸ ಮೊದಲಿನಿಂದ. ಜ್ವಾಲೆ ಸೀಸದಕಡ್ಡಿಯ ಹಾಗೆ ನೆಟ್ಟಗೆ ನಿಂತರೆ ಮಾತ್ರ ಉಪಕರಣದ ಚೀಲ ಕಟ್ಟುವುದು.

ಮದುವೆಯಾಗಿರಲಿಲ್ಲ. "ಎಲ್ಲರ ಮನೇಲೂ ಒಂದು ಪುಟ್ಟಿ ಆಡ್ಕೊಂಡಿದ್ರೆ, ನಮ್ಮವನ ಮನೇಲಿ ಡಬ್ಬಿ ತುಂಬ ಪುಟ್ಟಿ" ಎಂದು ಅವನ ಭಾವ ಬಂದವರೆದುರಿಗೆಲ್ಲ ಹೇಳಿ ತಾನೇ ಮೊದಲು ನಗುತ್ತಿದ್ದ.

ಭಾವ ಎಂದರೆ ಅಕ್ಕನ ಗಂಡ, ಮಳಿಗೆಯ ಒಡೆಯ, ಗಾಜು ಕೊಯ್ಯುವವನು. ವಜ್ರದ ಮೊನೆಯ ಕಡ್ಡಿಯಿಂದ ಒಂದು ಗೆರೆ ಎಳೆದು, ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರೆ ಗಾಜು ಹೇಳಿದ ಮಾತು ಕೇಳುತ್ತಿತ್ತು. ಬಾಯಿ ಮಾತ್ರ ಯಾರ ಮಾತೂ ಕೇಳುತ್ತಿರಲಿಲ್ಲ. ಅವನು ಕೊಯ್ಯುವುದು, ಇವನು ಕೂರಿಸುವುದು. ಅವನು ಆಡುವುದು, ಇವನು ಕೇಳುವುದು. ತಾಯಿ ತೀರಿಕೊಂಡಾಗ ಚಡ್ಡಿ ಹಾಕಿಕೊಳ್ಳುತ್ತಿದ್ದ ತಮ್ಮನನ್ನು ಅಕ್ಕ ತನ್ನ ಮದುವೆಯ ಪೆಟ್ಟಿಗೆಯ ಜೊತೆಗೇ ಗಂಡನ ಮನೆಗೆ ಕರೆದುಕೊಂಡು ಬಂದಿದ್ದಳು. ಮಳಿಗೆಯ ಹಿಂದಿನ ಎರಡು ಕೋಣೆಯಲ್ಲಿ ಮೂವರೂ ಬದುಕಿದರು. ಒಂದೇ ತೊಂದರೆ: ಕಿಟಕಿ ಎಳ್ಳಷ್ಟು ತೆರೆದಿದ್ದರೂ ಹುಡುಗನಿಗೆ ನಿದ್ದೆ ಬರುತ್ತಿರಲಿಲ್ಲ. ಎದ್ದು ಹೋಗಿ ಹಳೇ ಬಟ್ಟೆ ತುರುಕಿ ಬರುತ್ತಿದ್ದ. ಅರೆನಿದ್ದೆಯಲ್ಲೂ ಅವನ ಕೈ ಸಂದಿ ಹುಡುಕುತ್ತಿತ್ತು. "ನಿನ್ನ ಗಂಡ ಬಾಯಿ ಮುಚ್ಚಲ್ಲ, ನಿನ್ನ ತಮ್ಮ ಕಿಟಕಿ ತೆರೆಯಲ್ಲ. ಒಳ್ಳೇ ಜೋಡಿ ಸಾಕಿದ್ದೀಯಮ್ಮ" ಎಂದು ನೆರೆಮನೆಯವಳು ಅಕ್ಕನನ್ನು ರೇಗಿಸುತ್ತಿದ್ದಳು.

ಬೆಟ್ಟಗಳಾಚೆಯ ಗಣಿಯೊಂದರ ಆಸ್ಪತ್ರೆಗೆ ಕಿಟಕಿ ಕೂರಿಸುವ ಕೆಲಸ ಬಂತು. ರಸ್ತೆಯಿಲ್ಲದ ಜಾಗ, ಸಾಮಾನು ಹೊರುವ ಸಣ್ಣ ವಿಮಾನವೊಂದೇ ದಾರಿ. ಬೀಳ್ಕೊಡಲು ಬಂದ ಅಕ್ಕ ವಿಮಾನದ ಬಯಲಿನ ಬೇಲಿಯ ಆಚೆ ನಿಂತು, ಕೈ ಚಾಚಿ ತಮ್ಮನ ಅಂಗಿಯ ಗುಂಡಿ ಹಾಕಿದಳು, ಅವನಿಗೆ ಆಗಲೇ ನಲವತ್ತು ಸಮೀಪಿಸಿದ್ದರೂ.

"ಅವರು ಮಾತಾಡ್ತಾ ಎಲ್ಲಾದ್ರೂ ಎಡವಿ ಬೀಳ್ತಾರೆ. ನೋಡ್ಕೊ. ಇಬ್ರು ಹೋಗ್ತಿದ್ದೀರಾ, ಇಬ್ರೂ ಬನ್ನಿ."

"ಯಾಕೆ, ಮೂರನೆಯವಳನ್ನ ಕರ್ಕೊಂಡು ಬರ್ತೀನಿ ಅಂತ ಭಯಾನಾ?" ಎಂದ ಭಾವ.

"ನಿಮ್ಮ ಮಾತು ಕೇಳಿದ್ರೆ ಅವಳು ಮೇಲಿಂದಲೇ ಹಾರಿಕೊಳ್ತಾಳೆ. ಹೋಗಿ."

ವಿಮಾನದಲ್ಲಿ ಆಳಿಗಿಂತ ಸಾಮಾನು ಹೆಚ್ಚು. ಆಸ್ಪತ್ರೆಯ ಗಾಜು, ಪುಟ್ಟಿಯ ಡಬ್ಬಿ, ಗಣಿಯ ಅಡುಗೆಮನೆಗೆ ಇದ್ದಿಲಿನ ಮೂಟೆಗಳು, ಹುಲ್ಲು ತುಂಬಿದ ಪೆಟ್ಟಿಗೆಗಳಲ್ಲಿ ಮೊಟ್ಟೆ. ಮೊಟ್ಟೆಯ ಜೊತೆ ಮೊಟ್ಟೆ ವ್ಯಾಪಾರಿ. ಬಾಯಲ್ಲಿ ಹಚ್ಚದ ಸಿಗರೇಟು, ಕಣ್ಣು ಪೆಟ್ಟಿಗೆಗಳ ಮೇಲೆ. ಇನ್ನೊಬ್ಬರು ಗಣಿಯ ಶಾಲೆಗೆ ವರ್ಗವಾಗಿ ಹೊರಟಿದ್ದ ಟೀಚರಮ್ಮ. ಕೂತ ತಕ್ಷಣ ಎಲ್ಲರಿಗೂ ಸೊಂಟದ ಪಟ್ಟಿ ಬಿಗಿಯಲು ಹೇಳಿದ್ದು ಪೈಲಟ್ಟಲ್ಲ, ಅವರು.

ಆ ಪಟ್ಟಿಯೇ ಉಳಿಸಿತು. ಬೆಟ್ಟದ ಮೇಲೆ ಮೋಡ ಕವಿದಿತ್ತು, ಮೋಡದೊಳಗೆ ಮರಗಳಿದ್ದವು. ಒಂದು ರೆಕ್ಕೆ ಮೊದಲೇ ಕಿತ್ತುಹೋಯಿತು, ಇನ್ನೊಂದು ಇಳಿಜಾರಿನಲ್ಲಿ ಎಲ್ಲೋ ಉಳಿಯಿತು, ಬಾಲ ತುಂಡಾಗಿ ಕೂಗಳತೆಯ ದೂರದಲ್ಲಿ ಬಿತ್ತು. ಪೈಲಟ್ ಕೂತಲ್ಲೇ ತೀರಿಕೊಂಡಿದ್ದ. ಅವನನ್ನು ಹೊರಗೆ ಹಿಮದಲ್ಲಿ ಮಲಗಿಸಿ ಕಲ್ಲು ಪೇರಿಸಿದರು. ಭಾವನ ಎಡಗಾಲಿನ ಮೂಳೆ ಮುರಿದಿತ್ತು. ಉಳಿದವರಿಗೆ ತರಚುಗಾಯ. ವಿಮಾನ ಮೊಟ್ಟೆಯ ಹಾಗೆ ಒಡೆದಿತ್ತು. ಮೊಟ್ಟೆಗಳು ಮಾತ್ರ ಹುಲ್ಲಿನೊಳಗೆ ಮುಕ್ಕಾಲು ಪಾಲು ಹಾಗೇ ಇದ್ದವು.

"ಕಂಪ್ನಿಯೋರು ಇನ್ಮೇಲೆ ಜನರನ್ನೂ ಹುಲ್ಲಲ್ಲಿ ಸುತ್ತಿ ಕಳಿಸ್ಬೇಕು" ಎಂದ ಭಾವ, ಕಾಲಿಗೆ ಮರದ ಪಟ್ಟಿ ಕಟ್ಟಿಸಿಕೊಳ್ಳುತ್ತಾ. ಅವನ ತುಟಿ ಬಿಳಚಿತ್ತು. ಯಾರೂ ನಗಲಿಲ್ಲ.

ಅಲ್ಲಿಯ ಚಳಿ ಬೇರೆಯೇ ಜಾತಿಯದು. ಮೂಗಿನೊಳಗಿನ ಉಸಿರೇ ಗಟ್ಟಿಯಾಗುವಂಥದ್ದು. ಸುತ್ತ ಚೂಪು ಎಲೆಯ ಕಪ್ಪು ಮರಗಳು, ಅವುಗಳ ನಡುವೆ ಕಣ್ಣು ಹಾಯದ ಕತ್ತಲು. ಕತ್ತಲಾದ ಮೇಲೆ ಸದ್ದು ಶುರುವಾಯಿತು. ಧಡ್. ಸ್ವಲ್ಪ ಹೊತ್ತು ಮೌನ. ಮತ್ತೆ ಧಡ್, ಧಡ್. ಭಾರವಾದದ್ದೇನೋ ಕಾಲೆಳೆದುಕೊಂಡು ನಡೆದು, ನಿಂತು, ಮತ್ತೆ ನಡೆದಂತೆ.

"ಹೊರಗೆ ಏನೋ ಇದೆ" ಎಂದರು ಟೀಚರಮ್ಮ. ಬೆಳಗ್ಗೆ ಹಿಮದ ಮೇಲೆ ಹೆಜ್ಜೆ ಹುಡುಕಿದರು. ಸಿಗಲಿಲ್ಲ. ಸಿಕ್ಕಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲ.

ಏನು ಮಾಡಬೇಕೆಂದು ಮೇಸ್ತ್ರಿಗೆ ಯಾರೂ ಹೇಳಬೇಕಾಗಿರಲಿಲ್ಲ. ವಿಮಾನದ ಒಡಲು ಹಿಂದುಗಡೆ ಬಾಯಿ ತೆರೆದು ಬಿದ್ದಿತ್ತು. ಅದಕ್ಕೆ ಸಾಮಾನಿನ ಹಲಗೆಗಳಿಂದ ಗೋಡೆ ಕಟ್ಟಿದ, ಗೋಡೆಗೊಂದು ಬಾಗಿಲಿಟ್ಟ, ಒಳಗಿನಿಂದ ಅಗಳಿ ಹಾಕಿದ. ಒಡೆದ ಕಿಟಕಿಗಳಿಗೆ ಆಸ್ಪತ್ರೆಯ ಗಾಜು. ಭಾವ ಮಲಗಿದಲ್ಲೇ ಕೊಯ್ದುಕೊಟ್ಟ. ಗಾಜು ಆಗಲೂ ಅವನ ಮಾತು ಕೇಳಿತು. ಸೀಟಿನ ಹತ್ತಿ ಬಿರುಕುಗಳಿಗೆ, ಹತ್ತಿಯ ಮೇಲೆ ಪುಟ್ಟಿ. ಮೂಲೆಯಲ್ಲಿ ಹೆಬ್ಬೆರಳ ರುಜು. ನಡುವೆ ಒಂದು ತಗಡಿನ ಡಬ್ಬಿಯಲ್ಲಿ ಇದ್ದಿಲು ಹೊತ್ತಿಸಿದರು. ಸೌದೆಯ ಹಾಗೆ ಕಣ್ಣುರಿಯಿಲ್ಲ, ಕೆಮ್ಮಿಲ್ಲ. ಕೆಂಪಗೆ, ಸಾಧುವಾಗಿ ಉರಿಯಿತು. ಬೆಂಕಿಯಿಲ್ಲದೆ ಹೊಗೆಯಾಡದು ಎಂದು ಹಿರಿಯರು ಹೇಳಿಟ್ಟಿದ್ದಾರೆ. ಹೊಗೆಯಿಲ್ಲದ ಬೆಂಕಿಯ ವಿಷಯಕ್ಕೆ ಯಾವ ಗಾದೆಯೂ ಇರಲಿಲ್ಲ.

ಮೇಸ್ತ್ರಿ ಮೇಣದಬತ್ತಿ ಹಚ್ಚಿ ಸುತ್ತಲೂ ಒಯ್ದ. ಹೊರಗೆ ಗಾಳಿ ಮರಗಳನ್ನು ಬಗ್ಗಿಸುತ್ತಿತ್ತು. ಒಳಗೆ ಜ್ವಾಲೆ ನೆಟ್ಟಗೆ ನಿಂತಿತು. ಟೀಚರಮ್ಮ ಚಪ್ಪಾಳೆ ತಟ್ಟಿದರು.

"ನಮ್ಮ ಮೇಸ್ತ್ರಿ ಕೆಲ್ಸ ಮಾಡಿದ್ರೆ ಹೀಗೆ. ಯಮರಾಯನೂ ಬಾಗಿಲು ತಟ್ಟಿ, ಹೆಸರು ಹೇಳಿ ಒಳಗೆ ಬರ್ಬೇಕು" ಎಂದ ಭಾವ. ಮೇಸ್ತ್ರಿಗೆ ಬದುಕಿನಲ್ಲಿ ಸಿಕ್ಕ ಅತಿ ದೊಡ್ಡ ಹೊಗಳಿಕೆ ಅದು. ಯಮರಾಯ ಆಗಲೇ ಒಳಗೆ ಬಂದು ಡಬ್ಬಿಯ ಪಕ್ಕ ಕೈ ಕಾಯಿಸಿಕೊಳ್ಳುತ್ತಿದ್ದದ್ದು ಯಾರಿಗೂ ಗೊತ್ತಿರಲಿಲ್ಲ.

ಬೆಳಗ್ಗೆ ಎದ್ದಾಗ ತಲೆ ಕಬ್ಬಿಣದ ಹಾಗೆ ಭಾರ. ಹೊಟ್ಟೆ ತೊಳಸುತ್ತಿತ್ತು. ಟೀಚರಮ್ಮ ಬಾಗಿಲಿನ ಹೊರಗೆ ಕೂತು ವಾಂತಿ ಮಾಡಿದರು. ಮೇಸ್ತ್ರಿ ನೀರಿಗೆಂದು ಹಿಮ ತರಲು ಹೊರಗೆ ಅಡ್ಡಾಡಿದ ಮೇಲೆ ಸ್ವಲ್ಪ ಹಗುರವಾಯಿತು. ಏಳಲಾಗದ ಭಾವನಿಗೆ ಆಗಲಿಲ್ಲ. ಮರುದಿನ ಅದೇ, ಇನ್ನಷ್ಟು. ಚೆನ್ನಾಗಿದ್ದವನು ವ್ಯಾಪಾರಿ ಒಬ್ಬನೇ. ಸಿಗರೇಟು ಒಳಗೆ ಸೇದಕೂಡದು ಎಂಬುದು ಟೀಚರಮ್ಮನ ಕಟ್ಟಪ್ಪಣೆ. ಹಾಗಾಗಿ ಅವನು ಕಂಬಳಿ ಹೊದ್ದು, ಪ್ರಾಣಿಗೆ ಹೆದರುತ್ತಲೇ, ಹೊಸ್ತಿಲಾಚೆ ಮುಕ್ಕಾಲು ಪಾಲು ಹೊತ್ತು ಕಳೆಯುತ್ತಿದ್ದ.

ಮೂವರಿಗೆ ಕಾಯಿಲೆ, ಒಬ್ಬ ಗಟ್ಟಿ. ತಿಂದದ್ದು ಅವನ ಮೊಟ್ಟೆ. ಟೀಚರಮ್ಮ ಲೆಕ್ಕ ಬಿಡಿಸಿಬಿಟ್ಟರು.

"ನಿಮ್ಮ ಮೊಟ್ಟೆ ಕೊಳೆತಿದೆ."

"ಅಮ್ಮಾ, ನಾನೂ ಅದನ್ನೇ ತಿಂತಿದ್ದೀನಿ."

"ಒಳ್ಳೇದು ಆರಿಸ್ಕೊಂಡು ತಿಂತಿದ್ದೀರಿ."

ವ್ಯಾಪಾರಿಯ ಬಾಯಿಂದ ಸಿಗರೇಟು ಕೆಳಗೆ ಬಿತ್ತು. "ನನ್ನನ್ನ ಕಳ್ಳ ಅನ್ನಿ, ಸುಳ್ಳ ಅನ್ನಿ. ಮೊಟ್ಟೆ ಸುದ್ದಿಗೆ ಬರ್ಬೇಡಿ. ಬೆಳಕಿಗೆ ಹಿಡಿದು ನೋಡದೆ ಒಂದು ಮೊಟ್ಟೆನೂ ಮಾರಿದವನಲ್ಲ ನಾನು." ಮೇಸ್ತ್ರಿಯ ಕಡೆ ತಿರುಗಿದ. "ನೀವೇನಂತೀರಿ? ಕಸುಬು ಗೊತ್ತಿರೋರು ನೀವು."

ಮೇಸ್ತ್ರಿ ಭಾವನ ಮುಖ ನೋಡಿದ. ಅಕ್ಕನ ಮಾತು ನೆನಪಾಯಿತು: ಇಬ್ಬರೂ ಬನ್ನಿ. "ಸ್ವಲ್ಪ ದಿನ ಮೊಟ್ಟೆ ಬಿಟ್ಟು ನೋಡೋಣ" ಎಂದ.

ಅಷ್ಟು ಸಾಕಾಯಿತು. ವ್ಯಾಪಾರಿ ಕಂಬಳಿ ಎತ್ತಿಕೊಂಡ, ಒಂದು ಹಗ್ಗ ಹೆಗಲಿಗೆ ಹಾಕಿಕೊಂಡ. "ಆ ಬಾಲದಲ್ಲಿ ಮಲಗ್ತೀನಿ. ನನ್ನ ಪೆಟ್ಟಿಗೆಗಳೂ ಅಲ್ಲೇ ಇವೆ. ಪ್ರಾಣಿ ತಿಂದ್ರೆ ತಿನ್ಲಿ, ಅದಾದ್ರೂ ರುಚಿ ಹೇಳುತ್ತೆ."

"ಮುನಿಸ್ಕೊಂಡು ಹೋಗ್ಬೇಡ್ರಿ" ಎಂದು ಭಾವ ಕ್ಷೀಣವಾಗಿ ಕೂಗಿದ. "ನೀವು ಹೋದ್ರೆ ಬೈಯೋಕೆ ಟೀಚರಮ್ಮಂಗೆ ನಾನೊಬ್ನೇ ಉಳೀತೀನಿ."

ವ್ಯಾಪಾರಿ ತಿರುಗಿ ನೋಡಲಿಲ್ಲ. ಮೇಸ್ತ್ರಿ ಬಾಗಿಲು ಹಾಕಿದ, ಅಗಳಿ ಇಳಿಸಿದ, ಬಾಗಿಲ ಅಂಚಿಗೆ ಹತ್ತಿ ತುಂಬಿದ.

ಮುಸ್ಸಂಜೆಯ ಹೊತ್ತಿಗೆ ಭಾವ ಮಾತು ನಿಲ್ಲಿಸಿದ್ದ. ಮೂಳೆ ಮುರಿದಾಗಲೂ ನಿಲ್ಲದ ಬಾಯಿ ಅದು. ಇದ್ದಿಲಿನ ಬೆಳಕಿನಲ್ಲಿ ಭಾವನ ಕೆನ್ನೆ ಚೆನ್ನಾಗಿ ಕೆಂಪೇರಿ, ಆರೋಗ್ಯವಂತನ ಮುಖದಂತೆ ಕಾಣುತ್ತಿತ್ತು. ಅದನ್ನು ನೋಡಿ ಮೇಸ್ತ್ರಿ ಸ್ವಲ್ಪ ಸಮಾಧಾನ ಮಾಡಿಕೊಂಡ.

"ಮೇಸ್ತ್ರಿ."

"ಹೇಳಿ ಭಾವ."

"ಸ್ವಲ್ಪ ಕಿಟಕಿ ತೆಗಿಯೋ. ಎದೆ ಮೇಲೆ ಯಾರೋ ಕೂತ ಹಾಗಿದೆ."

"ಹೊರಗೆ ಅದು ಓಡಾಡ್ತಿದೆ ಭಾವ. ಚಳಿ ಬೇರೆ. ನಿಮ್ಮ ಕಾಲು ಹೆಪ್ಪುಗಟ್ಟುತ್ತೆ."

"ನಿನ್ನ ಕೆಲ್ಸಕ್ಕೆ ಕೆಟ್ಟ ಹೆಸರು ಬರಲ್ಲ ಬಿಡೋ. ನಾನು ಯಾರಿಗೂ ಹೇಳಲ್ಲ. ಒಂದು ಬೆರಳಗಲ."

ಮೇಸ್ತ್ರಿ ಎದ್ದ. ಭಾವನ ತಲೆಯ ಮೇಲಿನ ಕಿಟಕಿಯ ಬಲಮೂಲೆಯಲ್ಲಿ ಪುಟ್ಟಿ ಇನ್ನೂ ಮೆತ್ತಗಿತ್ತು. ಒಡೆದ ಚೌಕಟ್ಟಿಗೆ ಗಾಜು ಮುಟ್ಟದ ಮೂಲೆ ಅದು. ತನ್ನದೇ ಹೆಬ್ಬೆರಳ ಗುರುತಿದ್ದ ಚೂರನ್ನು ಕಿತ್ತ, ಹತ್ತಿ ಹೊರಗೆಳೆದ. ಬೆರಳಗಲದ ಸಂದಿಯಿಂದ ಸೂಜಿಯಂಥ ಗಾಳಿ ಒಳಗೆ ಬಂತು. ಭಾವ ಅದರ ಕಡೆಗೆ ಮುಖ ತಿರುಗಿಸಿ, ನೀರು ಕುಡಿಯುವವನಂತೆ ಬಾಯಿ ತೆರೆದ.

"ಆಹಾ. ನಿಮ್ಮಕ್ಕನ ಬೈಗುಳ ಇದ್ದ ಹಾಗಿದೆ, ತಣ್ಣಗೆ" ಎಂದ. ಆಮೇಲೆ ನಿದ್ದೆ ಹೋದ.

ಆ ರಾತ್ರಿ ಧಡ್ ಎಂಬ ಸದ್ದು ಒಮ್ಮೆಯೂ ಕೇಳಲಿಲ್ಲ. ಪ್ರಾಣಿ ವ್ಯಾಪಾರಿಯ ಬಳಿಗೆ ಹೋಯಿತೇನೋ ಎಂದು ಯೋಚಿಸಿ ಮೇಸ್ತ್ರಿ ಬೆಚ್ಚಿದ. ಎದ್ದು ಹೋಗಿ ನೋಡುವಷ್ಟು ಕಾಲಿನಲ್ಲಿ ಶಕ್ತಿಯಿರಲಿಲ್ಲ. ಸದ್ದಿಲ್ಲದ ಆ ಮೌನದಲ್ಲಿ ಉಳಿದದ್ದು ಒಂದೇ ದನಿ: ಸಂದಿಯಲ್ಲಿ ಗಾಳಿಯ ಸಿಳ್ಳೆ. ಸಣ್ಣದು, ಬಿಡದೆ, ಹಲ್ಲಿನೊಳಗೆ ಇಳಿಯುವಂಥದ್ದು. ತಲೆ ಮಂಜಾಗಿತ್ತು. ತಾನು ಎಲ್ಲಿದ್ದೇನೆ ಎಂಬುದು ಜಾರಿಜಾರಿ ಹೋಗುತ್ತಿತ್ತು. ಅಕ್ಕನ ಮನೆಯಲ್ಲಿ, ಚಡ್ಡಿ ಹಾಕಿಕೊಂಡ ವಯಸ್ಸಿನಲ್ಲಿ, ಯಾರೋ ಕಿಟಕಿ ಮುಚ್ಚದೆ ಮಲಗಿದ ಹಾಗಿತ್ತು. ಕೈ ತಾನಾಗಿ ಮೇಲೆ ಹೋಯಿತು. ಹತ್ತಿ ಹುಡುಕಿತು. ಪುಟ್ಟಿ ಹುಡುಕಿತು. ಸಿಳ್ಳೆ ನಿಂತಿತು. ಅವನಿಗೆ ಹಾಯಾಗಿ ನಿದ್ದೆ ಬಂತು.

ಬೆಳಗ್ಗೆ ವ್ಯಾಪಾರಿ ಮುನಿಸು ಮರೆತು ಬಂದ. ಒಂದು ಕೈಯಲ್ಲಿ ಟೋಪಿ ತುಂಬ ಮೊಟ್ಟೆ, ಮುಖದ ತುಂಬ ನಗು. ಪ್ರಾಣಿ ಅವನಿಗೆ ಸಿಕ್ಕಿಬಿದ್ದಿತ್ತು. ಬಾಲದ ಕೊನೆಯಲ್ಲಿ ಕೀಲು ಸಡಿಲಾದ ತಗಡಿನ ಫಲಕವೊಂದು ಗಾಳಿಗೆ ಬಡಿದುಕೊಳ್ಳುತ್ತಿತ್ತು, ಅಷ್ಟೇ. ನಿದ್ದೆಗೆ ತೊಂದರೆಯೆಂದು ರಾತ್ರಿಯೇ ಅದನ್ನು ಹಗ್ಗದಿಂದ ಬಿಗಿದಿದ್ದ. "ಟೀಚರಮ್ಮಾ, ನಿಮ್ಮ ಪ್ರಾಣಿನ ಕಟ್ಟಿಹಾಕಿದ್ದೀನಿ, ಬಂದು ನೋಡಿ" ಎಂದು ಬಾಗಿಲು ತಟ್ಟಿದ. ಉತ್ತರವಿಲ್ಲ. ಕೋಪ ಇನ್ನೂ ಇಳಿದಿಲ್ಲವೆಂದುಕೊಂಡು ಸಿಗರೇಟು ಮುಗಿಸಿದ. ಮತ್ತೆ ತಟ್ಟಿದ. ಗಾಜಿನೊಳಗೆ ಇಣುಕಿದಾಗ ಮೂವರೂ ಮಲಗಿದ್ದ ಭಂಗಿ ಅವನಿಗೆ ಸರಿಯೆನಿಸಲಿಲ್ಲ.

ಬಾಗಿಲು ಒದ್ದ. ಅದು ಮೇಸ್ತ್ರಿ ಮಾಡಿದ ಬಾಗಿಲು; ಜಗ್ಗಲಿಲ್ಲ. ಕಲ್ಲು ತಂದು ಕಿಟಕಿಗೆ ಹೊಡೆದ. ದಪ್ಪ ಗಾಜು, ಪುಟ್ಟಿಯಲ್ಲಿ ಬೇರುಬಿಟ್ಟಂತೆ ಕೂತಿತ್ತು. ಬಿರುಕುಬಿಟ್ಟಿತೇ ಹೊರತು ಬೀಳಲಿಲ್ಲ. ಬರಿಗೈಯಲ್ಲಿ ಚೂರುಚೂರಾಗಿ ಕಿತ್ತು, ರಕ್ತ ಸುರಿಸಿಕೊಂಡು ಒಳಗಿಳಿಯುವಷ್ಟರಲ್ಲಿ ಬಹಳ ಹೊತ್ತಾಗಿತ್ತು. ಟೀಚರಮ್ಮನನ್ನು ಎಳೆದು ಹಿಮದ ಮೇಲೆ ಹಾಕಿದ. ಮೇಸ್ತ್ರಿಯನ್ನು ಎಳೆದು ಹಾಕಿದ. ಇಬ್ಬರೂ ಕೆಮ್ಮಿದರು, ಕಣ್ಣು ಬಿಟ್ಟರು. ಭಾವನನ್ನೂ ತಂದು ಮಲಗಿಸಿದ. ಕೆನ್ನೆ ಆಗಲೂ ಕೆಂಪಗಿತ್ತು.

ಕೆಮ್ಮು ನಿಂತ ಮೇಲೆ ಟೀಚರಮ್ಮನೇ ಹೇಳಿದ್ದು, ಯಾರನ್ನೂ ನೋಡದೆ: "ಇದ್ದಿಲು. ಮುಚ್ಚಿದ ಕೋಣೆಯಲ್ಲಿ ಇದ್ದಿಲು. ಇದನ್ನ ನಾನು ಮಕ್ಕಳಿಗೆ ಪಾಠ ಮಾಡಿದ್ದೀನಿ." ವ್ಯಾಪಾರಿ ಟೋಪಿಯಲ್ಲಿದ್ದ ಮೊಟ್ಟೆಗಳನ್ನು ಒಂದೊಂದಾಗಿ ಹಿಮದ ಮೇಲೆ ಇಟ್ಟು, ಆ ಟೋಪಿಯನ್ನು ಭಾವನ ಮುಖಕ್ಕೆ ಮುಚ್ಚಿದ.

ಸೀಟುಗಳಿಗೆ ಬಯಲಿನಲ್ಲಿ ಬೆಂಕಿ ಹಚ್ಚಿದರು. ಈ ಬೆಂಕಿಗೆ ಹೊಗೆಯಿತ್ತು. ಕಪ್ಪನೆಯ ಹೊಗೆ ನೋಡಿ ಕೊನೆಗೂ ಹುಡುಕುವವರು ಬಂದರು.

ಬೇಲಿಯ ಆಚೆ ಅಕ್ಕ ನಿಂತಿದ್ದಳು. ಇಬ್ಬರೂ ಬಂದರು; ಒಬ್ಬ ನಡೆದುಕೊಂಡು. ಅವಳು ಈ ಸಲ ತಮ್ಮನ ಗುಂಡಿ ಹಾಕಲಿಲ್ಲ.

ಬಂದವರೆಲ್ಲ ಕೇಳಿದರು, ವ್ಯಾಪಾರಿ ಕಣ್ಣೊರೆಸಿಕೊಳ್ಳುತ್ತಾ ಹೇಳಿದ. ಜನ "ವಿಧಿ" ಎಂದರು, "ಗಾಳಿಯಿಲ್ಲದೆ ಹೋಯ್ತು ಜೀವ" ಎಂದರು. ಎಲ್ಲರೂ ಹೋದ ಮೇಲೆ, ಒಂದು ಮಧ್ಯಾಹ್ನ, ಮಳಿಗೆಯ ಮೇಜಿನ ಮುಂದೆ ಅಕ್ಕ ಬಂದು ಕೂತಳು. ಗಂಡನ ಗಾಜು ಕೊಯ್ಯುವ ಕಡ್ಡಿಯನ್ನು ಬಟ್ಟೆಯಲ್ಲಿ ಒರೆಸುತ್ತಿದ್ದಳು.

"ಅವರು ಗಾಳಿ ಕೇಳಿದ್ರಾ?"

"ಕೇಳಿದ್ರು."

"ಕೊಟ್ಯಾ?"

"ಕೊಟ್ಟೆ ಅಕ್ಕ."

"ಆಮೇಲೆ?"

ಮೇಸ್ತ್ರಿ ಮೇಜಿನ ಮೇಲಿದ್ದ ಪುಟ್ಟಿಯ ಉಂಡೆಯನ್ನು ನೋಡುತ್ತಿದ್ದ. ಅವನ ಹೆಬ್ಬೆರಳು ತಾನಾಗಿ ಅದನ್ನು ಒತ್ತುತ್ತಿತ್ತು. ಅಕ್ಕನೂ ಆ ಬೆರಳನ್ನೇ ನೋಡಿದಳು. ಬಹಳ ಹೊತ್ತು ನೋಡಿದಳು.

"ಹೇಳ್ಬೇಡ ಬಿಡು" ಎಂದಳು. "ನಿನ್ನ ಕೈ ನಂಗೆ ಗೊತ್ತಿಲ್ವೇನೋ."

ಎದ್ದು ಒಳಗೆ ಹೋದಳು. ಆ ಮೇಲೆ ಅವನ ತಟ್ಟೆಗೆ ಊಟ ಬೀಳುತ್ತಿತ್ತು, ಅಂಗಿ ಒಗೆದು ಮಡಚಿರುತ್ತಿತ್ತು, ಮಾತು ಮಾತ್ರ ಇಲ್ಲ. ಭಾವನ ಅಭಾವ ಎಂದರೆ ಏನೆಂದು ಆ ಎರಡು ಕೋಣೆಗಳಿಗೆ ಆಗ ಗೊತ್ತಾಯಿತು: ಆಡುವವನು ಹೋಗಿದ್ದ, ಕೇಳುವವರಿಬ್ಬರು ಉಳಿದಿದ್ದರು. ಮೇಸ್ತ್ರಿ ಗಾಜು ಕೊಯ್ಯುವುದನ್ನು ಕಲಿತ. ಅದು ಅವನ ಮಾತು ಅಷ್ಟಾಗಿ ಕೇಳಲಿಲ್ಲ, ತುಂಬ ಒಡೆಯಿತು. ಕಿಟಕಿಗಳ ಬಲಮೂಲೆಯಲ್ಲಿ ಬೆರಳಗಲ ಜಾಗ ಬಿಡತೊಡಗಿದ. ಬೈದ ಗಿರಾಕಿಗೆ ಟೀ ಕುಡಿಸಿದ. ರಾತ್ರಿ ಅಂಗೈಗಳನ್ನು ತೊಡೆಯ ಕೆಳಗಿಟ್ಟು ಅದುಮಿಕೊಂಡು ಮಲಗುವುದನ್ನು ರೂಢಿ ಮಾಡಿಕೊಂಡ.

ವರ್ಷ ತಿರುಗಿ, ಚಳಿ ಮತ್ತೆ ಬಂದು, ಒಂದು ಸಂಜೆ ಅಕ್ಕ ಅಡುಗೆಮನೆಯಿಂದ ಕರೆದಳು.

"ಲೋ. ಈ ಕಿಟಕಿ ಗಾಜು ಅಲ್ಲಾಡ್ತಿದೆ. ನೋಡ್ಬಾ."

ಅವನು ಡಬ್ಬಿ ಹಿಡಿದು ಬಂದ. ಭಾವನೂ ಅವನೂ ಮೊದಲ ಬಾರಿ ಜೊತೆಗೆ ಮಾಡಿದ ಕಿಟಕಿ ಅದು. ಹಳೇ ಪುಟ್ಟಿ ಕೆರೆದ, ಹೊಸದು ಒತ್ತಿದ. ಬಲಮೂಲೆಗೆ ಬಂದಾಗ ಕೈ ನಿಂತಿತು. ಮೇಣದಬತ್ತಿ ಹಚ್ಚಿ ಚೌಕಟ್ಟಿನ ಉದ್ದಕ್ಕೂ ಒಯ್ದ. ಜ್ವಾಲೆ ನೆಟ್ಟಗೆ ನಿಂತಿತ್ತು, ನೆಟ್ಟಗೆ, ನೆಟ್ಟಗೆ. ಬಲಮೂಲೆಯಲ್ಲಿ ಬಾಗಿ ನಡುಗಿತು.

"ಅಲ್ಲಿ ಗಾಳಿ ಬರ್ತಿದೆ" ಎಂದಳು ಅಕ್ಕ, ಬೆನ್ನ ಹಿಂದಿನಿಂದ.

"ಬರ್ಲಿ ಅಕ್ಕ."

ಅವಳು ಹತ್ತಿರ ಬಂದು ಸಂದಿಯ ಮುಂದೆ ಅಂಗೈ ಹಿಡಿದು ನಿಂತಳು. ಗಾಳಿ ತಣ್ಣಗಿತ್ತು. ಶಾಲನ್ನು ಕಿವಿಯ ಮೇಲೆ ಎಳೆದುಕೊಂಡು ಒಲೆಯ ಕಡೆ ತಿರುಗಿದಳು. ಮೇಸ್ತ್ರಿ ಉಪಕರಣದ ಚೀಲ ಕಟ್ಟಲು ಕೂತ.